ಜಾಹಾಗೆ ಮುಂಚೆ ಎರಡು ಕೆನ್ನೆ

ಸಾಲ್ತ್, 28 ಮಾರ್ಚ್ 2023

ಸಮೀಹತ್ತೇ,

ಸಲಾಂ. ಮೊದ್ಲು ಜಗಳ. ನಾನು ಚಾಟ್‌ನಲ್ಲಿ ಹದಿನಾಲ್ಕು ಮೆಸೇಜ್ ಹಾಕಿದ್ರೆ ನೀವು "ತಾರೀಖು ಹಾಕಿ ಪತ್ರ ಬರಿ, ಮೇಲ್ ಮಾಡು, ಆಮೇಲೆ ನೋಡೋಣ" ಅಂತ ಒಂದೇ ಸಾಲು ಕಳಿಸ್ತೀರಲ್ಲ, ಬೈರೂತ್‌ನಲ್ಲಿ ಚರ್ಮದ ಡಾಕ್ಟರ್‌ಗಳೆಲ್ಲಾ ಹಿಂಗೇನಾ? ಆಯ್ತು, ಬರೀತಿದೀನಿ.

ವಿಷಯ ಏನಂದ್ರೆ ನಂಗೆ ಕೆನ್ನೆ ಬೇಕು. ಎರಡು. ಮೇ ಐದನೇ ತಾರೀಖು ಶುಕ್ರವಾರದೊಳಗೆ.

ಹೋದ ವರ್ಷ ಈದ್‌ಗೆ ನೀವು ಬಂದಾಗ ನಾನು ನೂರಾ ಹನ್ನೆರಡು ಕೆಜಿ ಇದ್ದೆ. ಈಗ ಎಪ್ಪತ್ನಾಲ್ಕು. ಎಲ್ರೂ ಮಾಶಾಅಲ್ಲಾ ಅಂದ್ರು. ಆದ್ರೆ ಮುಖ ಮಾತ್ರ ಗಾಳಿ ಬಿಟ್ಟ ಬಲೂನು. ಕೆನ್ನೆ ಒಳಗೆ ಹೋಗಿದೆ, ಕಣ್ಣಿನ ಪಕ್ಕ ಗುಳಿ. ನಾನು ಕನ್ನಡಕದ ಅಂಗಡೀಲಿ ಕೂತು ಇಡೀ ಊರಿಗೆ ಫ್ರೇಮ್ ಸರಿ ಮಾಡಿಕೊಡೋನು, ನನ್ನ ಕನ್ನಡಕಾನೇ ನಿಲ್ಲಲ್ಲ, ಜಾರಿ ಗಿರಾಕಿ ಕೈಗೆ ಬೀಳುತ್ತೆ. ಇಪ್ಪತ್ನಾಲ್ಕು ವಯಸ್ಸಿಗೆ ನಲವತ್ತೆರಡರ ಮುಖ.

ಜುಮಾನಾ ಬಗ್ಗೆ ಅಮ್ಮ ಹೇಳಿರ್ತಾರೆ. ಟೀಚರ್. ಊರಿನ ಮೇಲಿನ ಸಾಲಲ್ಲಿ ಮನೆ. ಅವಳಿಗೆ ನಾನು ಒಪ್ಪಿಗೆ, ಅವಳ ಅಪ್ಪನಿಗೂ ಒಪ್ಪಿಗೆ. ಆದ್ರೆ ಆ ಮನೇಲಿ ಹೂಂ ಅನ್ನೋದು, ಊಹೂಂ ಅನ್ನೋದು ಎಲ್ಲಾ ಅವಳಜ್ಜಿ, ಹಜ್ಜಾ ವಸ್ಫಿಯಾ. ಈ ತಿಂಗಳ ಮೊದಲ ವಾರ ನಾನೂ ಅಮ್ಮನೂ ಅವರ ಮನೆಗೆ ಹೋಗಿದ್ವಿ. ಹಜ್ಜಾ ನನ್ನ ಮುಖಾನೇ ಎರಡು ನಿಮಿಷ ನೋಡಿ, "ಹುಡುಗ ಬತ್ತಿ ಹೋಗಿದಾನೆ" ಅಂದ್ರು. ಆಮೇಲೆ "ನೋಡೋಣ" ಅಂದ್ರು. ಅಷ್ಟೇ. ದೊಡ್ಡಪ್ಪ ಹಿರಿಯರನ್ನೆಲ್ಲ ಕಟ್ಕೊಂಡು ಹೆಣ್ಣು ಕೇಳೋಕೆ ಜಾಹಾ ಹೋಗೋ ದಿನ ಮೇ ಐದು ಅಂತ ಗೊತ್ತು ಮಾಡಿಟ್ಟಿದಾರೆ. ಅಷ್ಟರಲ್ಲಿ ಹಜ್ಜಾ ಒಪ್ಪದಿದ್ರೆ ಕಥೆ ಮುಗೀತು.

ನಾನು "ತುಂಬಿದ ಕೆನ್ನೆ ಬಳಗ" ಅಂತ ಒಂದು ಗ್ರೂಪಲ್ಲಿದೀನಿ. ಹನ್ನೊಂದು ಸಾವಿರ ಜನ! ಅದರ ಅಡ್ಮಿನ್‌ನ ನಾವೆಲ್ಲ ಕೆನ್ನೆ ಉಸ್ತಾದ್ ಅಂತೀವಿ. ಅತ್ತೆ, ಆ ಮನುಷ್ಯ ಜೀನಿಯಸ್. ಒಂದು ಮುಖ ನೋಡಿ ಎಷ್ಟು ಸಿರಿಂಜ್ ಅಂತ ಹೇಳ್ಬಿಡ್ತಾನೆ. ಗುಳಿ ತುಂಬೋ ಜೆಲ್ ಫಿಲ್ಲರ್ರೋ, ಚರ್ಮಾನ ಒಳಗಿಂದ ಬೆಳೆಸೋ ಇಂಜೆಕ್ಷನ್ನೋ, ಇಲ್ಲಾ ಹೊಟ್ಟೆ ಕೊಬ್ಬು ತೆಗೆದು ಮುಖಕ್ಕೆ ಹಾಕೋದೋ? ಬಳಗದಲ್ಲಿ ಮೂರು ಪಕ್ಷ ಇದೆ, ದಿನಾ ಜಗಳ. ನೀವು ಒಂದು ಹೇಳಿ, ನಾನು ಅಲ್ಲಿ ಹಾಕಿ ಎಲ್ರ ಬಾಯಿ ಮುಚ್ಚಿಸ್ತೀನಿ.

ನಿಮ್ಮ ಬತ್ತಿದ ಅಳಿಯ,
ರಾಕಾನ್


ಬೈರೂತ್, 30 ಮಾರ್ಚ್

ಪ್ರೀತಿಯ ರಾಕಾನ್,

ಫೋಟೊ ಬೇಡ, ಪತ್ರ ಬರೆ ಎಂದದ್ದಕ್ಕೆ ಕಾರಣವಿದೆ. ನೀನು ಚಾಟ್‌ನಲ್ಲಿ ಕಳಿಸಿದ ಮೂರು ಫೋಟೊಗಳಲ್ಲಿ ನಿನಗೆ ಮೂರು ಬೇರೆ ಬೇರೆ ಗದ್ದಗಳಿವೆ. ಒಂದರಲ್ಲಂತೂ ಹಿಂದಿನ ಬಾಗಿಲೂ ನಿನ್ನ ಜೊತೆ ಸಣ್ಣಗಾಗಿ ಬಾಗಿದೆ. ಯಂತ್ರ ತಿದ್ದಿದ ಮುಖಕ್ಕೆ ನಾನು ಔಷಧಿ ಹೇಳುವುದಿಲ್ಲ.

ಕೇಳಿದ್ದಕ್ಕೆ ಉತ್ತರ. ಜೆಲ್ ಒಂದು ವರ್ಷದ ಆಸುಪಾಸು ನಿಲ್ಲುತ್ತದೆ. ಅದರ ದೊಡ್ಡ ಗುಣವೆಂದರೆ, ಎಡವಟ್ಟಾದರೆ ಕರಗಿಸಲು ಮದ್ದಿದೆ. ಚರ್ಮ ಬೆಳೆಸುವ ಇಂಜೆಕ್ಷನ್ ಫಲ ಕೊಡಲು ತಿಂಗಳುಗಟ್ಟಲೆ ಬೇಕು, ಹಲವು ಸಲ ಚುಚ್ಚಬೇಕು, ಗಂಟು ಬಿದ್ದರೆ ಕರಗಿಸಲಾಗದು. ಮೇ ಐದಕ್ಕೆ ಅದು ಒದಗುವುದೇ ಇಲ್ಲ. ಇನ್ನು ನಿನ್ನದೇ ಕೊಬ್ಬು ತೆಗೆದು ಹಾಕುವುದು ಆಪರೇಷನ್. ಹಾಕಿದ್ದರಲ್ಲಿ ಒಂದಷ್ಟು ಕರಗಿಯೂ ಹೋಗುತ್ತದೆ, ನೀನು ಮತ್ತೆ ತೂಕ ಇಳಿಸಿದರೆ ಉಳಿದದ್ದೂ ಇಳಿಯುತ್ತದೆ. ನಾಲ್ಕನೆಯದೂ ಒಂದಿದೆ, ಅದು ನಿಮ್ಮ ಬಳಗದಲ್ಲಿ ಯಾರ ಪಕ್ಷವೂ ಅಲ್ಲ: ಕಾಯುವುದು. ಇಷ್ಟು ಬೇಗ ಇಷ್ಟು ಇಳಿದ ಮುಖ ಒಂದು ತೂಕದಲ್ಲಿ ಆರು ತಿಂಗಳು ನಿಂತ ಮೇಲಷ್ಟೇ ತನ್ನ ನಿಜವಾದ ಅಳತೆ ತೋರಿಸುತ್ತದೆ. ಮೂರು ನಾಲ್ಕು ಕೆಜಿ ವಾಪಸ್ ಬಂದರೆ ಅರ್ಧ ಗುಳಿ ತಾನಾಗಿ ತುಂಬುವುದನ್ನೂ ನೋಡಿದ್ದೇನೆ.

ಈಗ ನನ್ನ ಪ್ರಶ್ನೆಗಳು. ತೂಕ ಎಂದಿನಿಂದ ನಿಂತಿದೆ? ಏನು ತಿನ್ನುತ್ತಿದ್ದೀಯ? ಯಾರಾದರೂ ಚುಚ್ಚುತ್ತೇನೆಂದು ಮುಂದೆ ಬಂದಿದ್ದಾರೆಯೇ? ಮತ್ತು, ಒಂದು ವರ್ಷದೊಳಗೆ ಮೂವತ್ತೆಂಟು ಕೆಜಿ ಇಳಿಸುವಂಥದ್ದು ಏನಾಯಿತು?

ನಿನ್ನ ಅತ್ತೆ,
ಸಮೀಹಾ


ಸಾಲ್ತ್, 8 ಏಪ್ರಿಲ್

ಅತ್ತೇ,

ತಡ ಆಯ್ತು, ರಂಜಾನಲ್ಲಿ ಅಂಗಡಿ ಗಲಾಟೆ. ಈದ್‌ಗೆ ಎಲ್ರಿಗೂ ಹೊಸ ಫ್ರೇಮ್ ಬೇಕು, ಅದೂ ಇವತ್ತೇ ಬೇಕು. ಒಬ್ರು ಹಾಜಿ ಬಂದು, "ಬೆಳಗಿಂದ ನೀರಿಲ್ಲ ಕಣಪ್ಪಾ, ಅಕ್ಷರ ಎರಡೆರಡು ಕಾಣ್ತಿದೆ, ಗಾಜು ಬದಲಾಯಿಸು" ಅಂದ್ರು. ನಾನು, "ಹಾಜೀ, ಇಫ್ತಾರ್ ಆದ್ಮೇಲೆ ಬನ್ನಿ, ಒಂದೊಂದೇ ಕಾಣುತ್ತೆ" ಅಂದೆ. ಬೈದು ಹೋದ್ರು. ಸಂಜೆ ಬಂದು ಸರಿಯಾಗಿ ಓದಿದ್ರು!

ನಿಮ್ಮ ಪ್ರಶ್ನೆಗೆ ಬರ್ತೀನಿ. ತೂಕ ಜನವರಿಯಿಂದ ನಿಂತಿತ್ತು, ರಂಜಾನ್ ಶುರುವಾದ್ಮೇಲೆ ಇನ್ನೂ ಎರಡೂವರೆ ಹೋಗಿದೆ. ಊಟ ಅಂದ್ರೆ ಇಫ್ತಾರ್‌ಗೆ ಮೂರು ಖರ್ಜೂರ, ಒಂದು ಬಟ್ಟಲು ಬೇಳೆ ಸೂಪು. ಕತಾಯೆಫ್ ಮುಟ್ಟಿಲ್ಲ. ಅಮ್ಮ ವಾಲ್‌ನಟ್ ತುಂಬಿ ಕರಿದು ನನ್ನ ಮುಂದೇನೇ ಇಡ್ತಾರೆ, ಇದು ಹಿಂಸೆ. ಬೆಳಗಿನ ಜಾವದ ಸಹರಿ ಊಟಕ್ಕೂ ಏಳಲ್ಲ. ಮತ್ತೆ ದಪ್ಪ ಆಗ್ಬಿಟ್ರೆ ಅಂತ ಭಯ ಅತ್ತೆ. ಚುಚ್ಚೋರು ಯಾರೂ ಇಲ್ಲ, ನೀವೇನೂ ಚಿಂತೆ ಮಾಡ್ಬೇಡಿ.

ಅಳತೆ ಬೇಕಲ್ವಾ? ಅಂಗಡೀಲಿ ಎರಡು ಕಣ್ಣಿನ ನಡುವೆ ಅಳೆಯೋ ಪಟ್ಟಿ ಇದೆ. ಅದನ್ನ ಕೆನ್ನೆಗೆ ಅಡ್ಡ ಹಿಡಿದು ಗುಳಿ ನೋಡ್ದೆ. ಎಡಗಡೆ ಏಳು ಮಿಲಿಮೀಟರ್, ಬಲಗಡೆ ಆರು. ಬಳಗದಲ್ಲಿ ಹಾಕಿದೆ. ಉಸ್ತಾದ್ "ಗಂಭೀರ" ಅಂತ ಉತ್ತರ ಕೊಟ್ಟ, ಪಕ್ಕದಲ್ಲಿ ಅಳೋ ಮುಖ. ಈ ತಿಂಗಳು ಬಳಗದಲ್ಲಿ ಎಲ್ರದೂ ಗಂಭೀರಾನೇ. ದಿನಕ್ಕೆ ಇನ್ನೂರು ಫೋಟೊ ಬರ್ತಿದೆ.

ರಾಕಾನ್


ಬೈರೂತ್, 9 ಏಪ್ರಿಲ್

ರಾಕಾನ್,

ನಾಲ್ಕು ಪ್ರಶ್ನೆ ಕೇಳಿದ್ದೆ, ಮೂರಕ್ಕೆ ಉತ್ತರ ಬಂದಿದೆ. ನಾಲ್ಕನೆಯದನ್ನು ಇನ್ನೊಮ್ಮೆ, ಮೆಲ್ಲಗೆ ಕೇಳುತ್ತೇನೆ. ಹೋದ ವರ್ಷ ನಿನ್ನ ಮನಸ್ಸಿಗೆ ಏನಾದರೂ ಪೆಟ್ಟು ಬಿದ್ದಿತ್ತೇ ಮಗೂ? ಯಾರಿಂದಲಾದರೂ? ನಾನು ನಿನ್ನ ಅಪ್ಪನಿಗೂ ಹೇಳುವುದಿಲ್ಲ, ಅಮ್ಮನಿಗೂ ಹೇಳುವುದಿಲ್ಲ.

ಇನ್ನೊಂದು. ಆ ಅಳತೆ ತೆಗೆದದ್ದು ದಿನದ ಯಾವ ಹೊತ್ತಿನಲ್ಲಿ?

ಅತ್ತೆ


ಸಾಲ್ತ್, 13 ಏಪ್ರಿಲ್

ಅತ್ತೇ,

ಪೆಟ್ಟು ಅಂದ್ರೆ? ಕತಾಯೆಫ್ ಬಿಟ್ಟಿದ್ದೇ ಪೆಟ್ಟು! ಹಹ್ಹಾ. ನಂಗೇನೂ ಆಗಿಲ್ಲ, ಸುಮ್ನೆ ತೂಕ ಇಳಿಸ್ಬೇಕು ಅನ್ನಿಸ್ತು, ಇಳಿಸಿದೆ. ಆ ವಿಷಯ ಬಿಡಿ.

ಅಳತೆ ತೆಗೆದಿದ್ದು ಸಂಜೆ ಬಾಂಗ್‌ಗೆ ಹತ್ತು ನಿಮಿಷ ಮುಂಚೆ. ಬಳಗದ ನಿಯಮಾನೇ ಅದು. ಆಗ ಅಂಗಡಿ ಖಾಲಿ, ಎಲ್ರೂ ಊಟಕ್ಕೆ ಮನೆಗೆ ಓಡಿರ್ತಾರೆ, ಕನ್ನಡಿ ಮುಂದೆ ನಾನೊಬ್ನೇ. ಬೆಳಕೂ ಚೆನ್ನಾಗಿರುತ್ತೆ, ಗುಳಿ ಎಲ್ಲಾ ಎದ್ದು ಕಾಣುತ್ತೆ.

ಸರಿ, ಇನ್ನೊಂದು ಹೇಳ್ಬೇಕು, ಕೂತ್ಕೊಂಡು ಓದಿ. ಚುಚ್ಚೋರು ಯಾರೂ ಇಲ್ಲ ಅಂದಿದ್ನಲ್ಲ, ಅದು ಪೂರ್ತಿ ನಿಜ ಅಲ್ಲ. ಅಮ್ಮಾನ್‌ನಲ್ಲಿ ಒಂದು ಸಲೂನ್ ಇದೆ. ಮುಂದೆ ಕಟಿಂಗು, ಹಿಂದಿನ ರೂಮಲ್ಲಿ ಫಿಲ್ಲರ್. ನಡೆಸೋನು ನಮ್ಮ ಕೆನ್ನೆ ಉಸ್ತಾದೇ! ನಂಗೂ ಹೋದ ವಾರಾನೇ ಗೊತ್ತಾಗಿದ್ದು. ಬಳಗದವರಿಗೆ ಈದ್ ಆಫರ್ ಅಂತೆ. ಹದಿನೆಂಟನೇ ತಾರೀಖು ಮಧ್ಯಾಹ್ನ ನಾಲ್ಕಕ್ಕೆ ನನ್ನ ಸರದಿ. ಉಸ್ತಾದನ್ನ ಕಣ್ಣಾರೆ ನೋಡ್ತೀನಿ ಅಂತ ಎರಡು ದಿನದಿಂದ ನಿದ್ದೆ ಇಲ್ಲ. ಈದ್ ದಿನ ಹಜ್ಜಾ ಮನೆಗೆ ಹೋಗ್ಬೇಕಲ್ಲ, ತುಂಬಿದ ಮುಖದಲ್ಲೇ ಹೋಗ್ತೀನಿ.

ಬೈಬೇಡಿ ಪ್ಲೀಸ್.

ರಾಕಾನ್


ಬೈರೂತ್, 13 ಏಪ್ರಿಲ್, ನಿನ್ನ ಪತ್ರ ಬಂದ ಅರ್ಧ ಗಂಟೆಗೆ

ರಾಕಾನ್,

ಬೈಯುವುದಿಲ್ಲ. ಹೋದ ಚಳಿಗಾಲದಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದಳು. ಯಾರದೋ ಹಿಂದಿನ ರೂಮಿನಿಂದ ನೇರವಾಗಿ ಬಂದಿದ್ದಳು. ಮೂಗಿನ ಪಕ್ಕದ ಚರ್ಮ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಜೆಲ್ ರಕ್ತನಾಳದೊಳಗೆ ಹೋಗಿ ಕೂತಿತ್ತು. "ಉರಿಯುತ್ತೆ ಅಂದೆ, ಐಸ್ ಇಟ್ಟು ಕಳಿಸಿದ್ರು" ಎಂದಳು. ಕರಗಿಸುವ ಮದ್ದು ಹಾಕಿ ಹಾಕಿ ಆ ಚರ್ಮಕ್ಕೆ ಬಣ್ಣ ವಾಪಸ್ ಬರುವವರೆಗೆ ನಾನೂ ನರ್ಸೂ ಕೂರಲೇ ಇಲ್ಲ. ಅವಳ ಅದೃಷ್ಟ, ಬೇಗ ಬಂದಿದ್ದಳು. ಅದೇ ನಾಳದಲ್ಲಿ ಇನ್ನೊಂದಿಷ್ಟು ಮೇಲೆ ಹೋಗಿದ್ದರೆ ಒಂದು ಕಣ್ಣು ಹೋಗುತ್ತಿತ್ತು. ನೀನು ಕನ್ನಡಕದ ಅಂಗಡಿಯವನು, ಇದಕ್ಕಿಂತ ಹೆಚ್ಚು ನಾನು ಹೇಳಬೇಕಿಲ್ಲ.

ಆ ಸಲೂನಿಗೆ ಹೋಗಲೇಬೇಕೆಂದಿದ್ದರೆ ಕುರ್ಚಿಯಲ್ಲಿ ಕೂರುವ ಮೊದಲು ಒಂದೇ ಪ್ರಶ್ನೆ ಕೇಳು: "ಕರಗಿಸುವ ಮದ್ದು ಇಲ್ಲಿ ಇದೆಯೇ? ತೋರಿಸಿ." ತೋರಿಸದಿದ್ದರೆ ಎದ್ದು ಬಾ.

ಇನ್ನು ನಿನ್ನ ಅಳತೆ. ಹಿಂದಿನ ರಾತ್ರಿಯಿಂದ ನೀರು ಕುಡಿಯದ ಮುಖವನ್ನು ಹಸಿವೆಯ ತುತ್ತತುದಿಯಲ್ಲಿ, ಓರೆ ಬೆಳಕಿನಲ್ಲಿ ನಿಲ್ಲಿಸಿ ಪಟ್ಟಿ ಹಿಡಿದಿದ್ದೀಯ! ನಿಮ್ಮ ಬಳಗದ ಹನ್ನೊಂದು ಸಾವಿರ ಜನರೂ ಬಾಂಗ್‌ಗೆ ಹತ್ತು ನಿಮಿಷ ಮುಂಚೆ ಕನ್ನಡಿ ನೋಡಿ ಅಳುತ್ತಿದ್ದೀರಿ. ನಮ್ಮ ಕ್ಲಿನಿಕ್ಕಿನಲ್ಲಿ ರಂಜಾನಿನ ಕೊನೆಯ ಹತ್ತು ದಿನ ಉಪವಾಸದವರ ಮುಖವನ್ನು ನಾವು ಅಳೆಯುವುದೇ ಇಲ್ಲ. "ಈದ್ ಮುಗಿಸಿ, ನಾಲ್ಕು ಮನೆಯಲ್ಲಿ ತಿಂದು ಬನ್ನಿ" ಎಂದು ಕಳಿಸುತ್ತೇವೆ. ಮೂರರಲ್ಲಿ ಒಬ್ಬರು ವಾಪಸ್ ಬರುವುದಿಲ್ಲ.

ನಿನಗೆ ಗುಳಿಯೇ ಇಲ್ಲ ಎನ್ನುತ್ತಿಲ್ಲ. ಇದೆ. ಆದರೆ ಅದು ಏಳು ಮಿಲಿಮೀಟರ್ ಅಲ್ಲ.

ಅತ್ತೆ


ಸಾಲ್ತ್, 18 ಏಪ್ರಿಲ್

ಅತ್ತೇ,

ಹೋದೆ. ಉಸ್ತಾದನ್ನ ನೋಡ್ದೆ. ಫೋಟೊದಲ್ಲಿ ಸಿಂಹದ ಥರ ಇದ್ದೋನು, ಎದುರಿಗೆ ನೋಡಿದ್ರೆ ಅವನ ಎರಡೂ ಕೆನ್ನೆ ಬೇರೆ ಬೇರೆ ಮನುಷ್ಯರದ್ದು. ಆದ್ರೂ ಮೊದ್ಲು ಒಂದು ಸೆಲ್ಫಿ ತಗೊಂಡೆ, ಫ್ಯಾನ್ ಅಲ್ವಾ! ಕುರ್ಚಿ ಮುಂದೆ ನಿಂತು ಕೇಳಿದೆ, "ಉಸ್ತಾದ್, ಕರಗಿಸೋ ಮದ್ದು ಇದ್ಯಾ?"

"ಕರಗಿಸೋದ್ಯಾಕೆ ಹಬೀಬೀ? ನೀನು ತುಂಬಿಸ್ಕೊಳ್ಳೋಕೆ ತಾನೆ ಬಂದಿರೋದು?"

"ಅಲ್ಲಾ, ಏನಾದ್ರೂ ಆದ್ರೆ?"

"ನನ್ನ ಕೈಯಲ್ಲಿ ಏನೂ ಆಗಲ್ಲ."

"ಒಂದ್ಸಲ ತೋರಿಸ್ಬಿಡಿ."

"ಲೋ, ಯಾರೋ ಇದು, ಆರೋಗ್ಯ ಇಲಾಖೆಯವನ?" ಅಂತ ನಕ್ಕೊಂಡು ಫ್ರಿಜ್ ತೆಗೆದ. ಒಳಗೆ ಒಂದು ಜಗ್ ಹುಣಸೆ ಶರಬತ್ತು, ಒಂದು ಡಬ್ಬಿ ಮೊಸರು, ಒಂದು ತಟ್ಟೆ ಹಸಿ ಕತಾಯೆಫ್. "ಇಫ್ತಾರ್‌ಗೆ ಇಲ್ಲೇ ಇದ್ಬಿಡು" ಅಂದ ಪಾಪ. ಒಳ್ಳೆ ಮನುಷ್ಯಾನೇ. ನಾನು, "ಅಮ್ಮ ಕಾಯ್ತಿರ್ತಾರೆ" ಅಂತ ಹೇಳಿ ಬಂದ್ಬಿಟ್ಟೆ. ಈ ಕಥೆ ಬಳಗದಲ್ಲಿ ಹಾಕಿದೆ. ನಾಲ್ಕು ನಿಮಿಷಕ್ಕೆ ನನ್ನ ಹೊರಗೆ ಹಾಕಿದ್ರು. ಐದು ತಿಂಗಳು ಅಲ್ಲಿದ್ದೆ ಅತ್ತೆ.

ಆದ್ರೆ ಈಗ ನನ್ನ ಹತ್ರ ಏನೂ ಇಲ್ಲ. ಉಸ್ತಾದೂ ಇಲ್ಲ, ಕೆನ್ನೆಯೂ ಇಲ್ಲ. ಇವತ್ತು ಜುಮಾನಾ ಫೋನ್ ಮಾಡಿದ್ಲು. ಹಜ್ಜಾ "ಈ ಸಂಬಂಧ ನಂಗೆ ಸರಿ ಕಾಣ್ತಿಲ್ಲ" ಅಂದ್ರಂತೆ. ಕಾರಣ ಕೇಳಿದ್ರೆ, "ಅವನ ಮುಖಾನೇ ಹೇಳುತ್ತೆ" ಅಂದ್ರಂತೆ. ನೋಡಿದ್ರಾ? ನಾನು ಮೊದ್ಲಿಂದ ಹೇಳ್ತಾನೇ ಇದೀನಿ. ಮೇ ಐದಕ್ಕೆ ಹದಿನೇಳೇ ದಿನ. ಜುಮಾನಾ ಅಳ್ತಿದ್ಲು. ಅವಳು ಅತ್ತಿದ್ದು ನಾನು ಕೇಳಿರಲೇ ಇಲ್ಲ.

ನೀವೇ ಬೈರೂತ್‌ನಿಂದ ಬಂದು ಒಂದೇ ಒಂದು ಸಿರಿಂಜ್ ಹಾಕ್ಬಿಡಿ ಅತ್ತೆ. ಕೈ ಮುಗೀತೀನಿ.

ರಾಕಾನ್


ಬೈರೂತ್, 19 ಏಪ್ರಿಲ್, ಬೆಳಿಗ್ಗೆ

ಮಗೂ,

ಎದ್ದು ಬಂದೆಯಲ್ಲ, ಅಷ್ಟು ಸಾಕು. ನಿನ್ನೆಯಿಂದ ಕಟ್ಟಿದ್ದ ನನ್ನ ಉಸಿರು ಈಗ ಸರಿಯಾಗಿ ಆಡುತ್ತಿದೆ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ನಿನ್ನ ಮೊದಲ ಪತ್ರ ಬರುವ ಮುಂಚೆಯೇ ನಿನ್ನ ಅಮ್ಮ ನನಗೆ ಫೋನ್ ಮಾಡಿದ್ದಳು. "ಅವನಿಗೆ ಹೇಳಬೇಡಿ" ಎಂದು ಆಣೆ ಹಾಕಿಸಿಕೊಂಡಿದ್ದಳು. ಹಜ್ಜಾ ವಸ್ಫಿಯಾ ನಿನ್ನ ಮುಖ ನೋಡಿ ಕುರೂಪಿ ಎಂದುಕೊಳ್ಳಲಿಲ್ಲ, ರೋಗಿ ಎಂದೂ ಅಂದುಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ನಿನ್ನ ಅಮ್ಮನನ್ನು ಹಿಡಿದು ಕೇಳಿದ್ದು ಹೀಗೆ: "ಇಷ್ಟು ಬೇಗ ಗಂಡಸು ಬತ್ತೋದು ಒಂದೇ ಕಾರಣಕ್ಕೆ. ಯಾವಳಿಗೋಸ್ಕರ ಕರಗಿದಾನೆ ನಿನ್ನ ಮಗ? ಬೇರೆಯವಳಿಗೆ ಸೊರಗಿದೋನಿಗೆ ನನ್ನ ಮೊಮ್ಮಗಳನ್ನ ಕೊಡಲ್ಲ." ಅಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಎಂಟು ತಿಂಗಳು ನೀನು ಯಾಕೆ ಊಟ ಬಿಟ್ಟೆ ಎಂದು ಅವಳಿಗೂ ಹೇಳಿಲ್ಲವಂತೆ.

ನಾನು ಎರಡು ಸಲ ಕೇಳಿದೆ. ನೀನು ಎರಡು ಸಲವೂ ಜಾರಿಕೊಂಡೆ. ಹಾಗಾಗಿ ನಾನೂ ಹಜ್ಜಾ ಹೇಳಿದ್ದೇ ನಿಜವೆಂದು ನಂಬಿಬಿಟ್ಟೆ. ಆ ಹುಡುಗಿ ಯಾರು ರಾಕಾನ್? ಇದ್ದರೆ ಹೇಳಿಬಿಡು. ಈ ಗುಳಿಯನ್ನು ತುಂಬುವ ಜೆಲ್ ನನ್ನ ಕಪಾಟಿನಲ್ಲಿ ಇಲ್ಲ.

ಅತ್ತೆ


ಸಾಲ್ತ್, 19 ಏಪ್ರಿಲ್, ಹನ್ನೆರಡೂವರೆ

ಅತ್ತೇ!!!

ಬೇರೆ ಹುಡುಗೀನಾ? ನಂಗಾ? ಅಂಗಡಿ ಬಾಗಿಲು ಅರ್ಧ ಎಳೆದು ಬರೀತಿದೀನಿ.

ಹೋದ ಮೇ ತಿಂಗಳಲ್ಲಿ ಒಂದು ಮನೆಗೆ ರಿಪೇರಿ ಆದ ಕನ್ನಡಕ ತಲುಪಿಸ್ಬೇಕಿತ್ತು. ಮೇಲಿನ ಸಾಲು. ನಿಮಗೆ ನಮ್ಮೂರ ಮೆಟ್ಟಿಲು ಗೊತ್ತಲ್ಲ. ನೂರಾ ಎಂಬತ್ತೇಳು. ನಾನು ಅರವತ್ತಕ್ಕೇ ಕೂತ್ಬಿಟ್ಟೆ. ತೊಂಬತ್ತಕ್ಕೆ ಮತ್ತೆ ಕೂತೆ. ಅಂಗಿ ಹಿಂಡಿದ್ರೆ ಬಕೆಟ್ ತುಂಬೋ ಅಷ್ಟು ಬೆವರು. ಆಗ ಮೇಲಿಂದ ಒಂದು ದನಿ, "ನೀವಲ್ಲೇ ಇರಿ ಅಣ್ಣಾ, ಸುಸ್ತಾಗ್ಬೇಡಿ, ನಾನೇ ಇಳಿದು ಬರ್ತೀನಿ." ಬಂದ್ಲು. ಗೋಡೆ ಹಿಡ್ಕೊಂಡು ತಡವಿ ತಡವಿ ಇಳಿದ್ಲು. ಕನ್ನಡಕ ನನ್ನ ಹತ್ರ ತಾನೆ ಇದ್ದಿದ್ದು, ಅವಳಿಗೆ ನನ್ನ ಮೇಲುಸಿರು ಕೇಳಿಸಿತ್ತು, ಮುಖ ಕಾಣ್ತಾನೇ ಇರಲಿಲ್ಲ. ಡಬ್ಬಿ ಇಸ್ಕೊಂಡು, ನೀರಿನ ಲೋಟ ಕೊಟ್ಟು ಹೋದ್ಲು. ಅದು ಜುಮಾನಾ.

ಅಣ್ಣಾ ಅಂದ್ಲು ಅತ್ತೆ!

ಅವತ್ತೇ ಅಂದ್ಕೊಂಡೆ, ಒಂದ್ಸಲ ಆ ಬಾಗಿಲವರೆಗೂ ಹತ್ತಿ, ಮೇಲುಸಿರು ಬಿಡದೆ ಸಲಾಂ ಹೇಳ್ಬೇಕು. ದಿನಾ ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ಹತ್ತಿದೆ. ಊಟ ಬಿಟ್ಟೆ. ಡಿಸೆಂಬರಲ್ಲಿ ಅವಳೇ ಅಂಗಡಿಗೆ ಹೊಸ ಫ್ರೇಮ್‌ಗೆ ಬಂದ್ಲು, ಮಾತಾಡಿದ್ವಿ, ಒಪ್ಪಿದ್ಲು. ಆ ಕೂತ್ಬಿಟ್ಟ ದಡಿಯ ನಾನೇ ಅಂತ ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ಏನಂತ ಹೇಳೋದು, ನಾಚಿಕೆ.

ರಾಕಾನ್


ಬೈರೂತ್, 19 ಏಪ್ರಿಲ್, ಹನ್ನೆರಡು ಮುಕ್ಕಾಲು

ಕತ್ತೇ!

ಇದನ್ನು ಮುಚ್ಚಿಟ್ಟು ನನಗೆ ಮಿಲಿಮೀಟರ್ ಲೆಕ್ಕ ಬರೆದೆಯಾ? ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ ನಗುತ್ತಿರುವುದನ್ನು ನೋಡಿ ನರ್ಸ್ ಬಾಗಿಲು ಹಾಕಿಕೊಂಡು ಹೋದಳು.

ಈದ್ ದಿನ ಹೋಗು. ಹಜ್ಜಾ ಮುಂದೆ ಕೂತು ಈಗ ಬರೆದದ್ದನ್ನು ಹಾಗೇ ಹೇಳು, ಬೆವರಿನ ಬಕೆಟ್ ಸಮೇತ. ಕೊಟ್ಟದ್ದನ್ನೆಲ್ಲ ತಿನ್ನು. ಇದು ಡಾಕ್ಟರ್ ಮಾತು.

ಅತ್ತೆ


ಸಾಲ್ತ್, 6 ಮೇ

ಅತ್ತೇ,

ಹದಿನೇಳು ದಿನ ಬರೀಲಿಲ್ಲ. ಬರೆದ್ರೆ ಕಣ್ಣು ಬೀಳುತ್ತೆ ಅಂತ ಭಯ. ನೀವು ಏಳು ಸಲ "ಏನಾಯಿತು?" ಅಂತ ಕಳಿಸಿದ್ರಿ. ಅದೂ ಚಾಟ್‌ನಲ್ಲಿ! ತಾರೀಖಿಲ್ಲದೆ!

ಈದ್ ದಿನ ಹೋದೆ. ಹಜ್ಜಾ ಖರ್ಜೂರದ ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ನಾನು ಎಷ್ಟು ತಿಂತೀನಿ ಅಂತ ಕಣ್ಣಿಟ್ಟು ನೋಡ್ತಿದ್ರು. ಐದು ತಿಂದೆ. ಆಮೇಲೆ ನಾನೇ ಬಾಯಿ ಬಿಟ್ಟೆ, "ಹಜ್ಜಾ, ನೀವು ಅಮ್ಮನ್ನ ಕೇಳಿದ್ರಂತಲ್ಲ, ಯಾರಿಗೋಸ್ಕರ ಬತ್ತಿದೆ ಅಂತ." ಜುಮಾನಾ ಕಾಫಿ ತರ್ತಾ ಇದ್ದೋಳು ಬಾಗಿಲಲ್ಲೇ ನಿಂತ್ಲು. ನಾನು ಮೆಟ್ಟಿಲು, ಬೆವರು, ಅಣ್ಣಾ ಅಂದಿದ್ದು ಎಲ್ಲಾ ಹೇಳ್ಬಿಟ್ಟೆ. ಜುಮಾನಾ ಕಾಫಿ ಚೆಲ್ಲಿದ್ಲು. "ಅದು ನೀನಾ?" ಅಂದ್ಲು, ಅಷ್ಟೇ.

ಹಜ್ಜಾ ತಟ್ಟೆ ಪಕ್ಕಕ್ಕೆ ಸರಿಸಿದ್ರು. ಎದ್ರು. ನನ್ನ ತೋಳು ಹಿಡಿದು ಕಿಟಕಿ ಹತ್ರ ಕರ್ಕೊಂಡು ಹೋಗಿ ಕೆಳಗೆ ಕೈ ತೋರಿಸಿದ್ರು. ಇಡೀ ಮೆಟ್ಟಿಲ ಸಾಲು ಕಾಣುತ್ತೆ ಅಲ್ಲಿಂದ.

"ದಿನಾ ಬೆಳಿಗ್ಗೆ ಹಸಿರು ಅಂಗಿ ಹಾಕ್ಕೊಂಡು ಒಬ್ಬ ದಪ್ಪ ಹುಡುಗ ಹತ್ತೋನು" ಅಂದ್ರು. "ಮೊದ್ಲು ಮುರಿದ ಕಂಬದ ಹತ್ರ ಕೂರೋನು. ಆಮೇಲೆ ಅಂಜೂರದ ಮರದವರೆಗೂ ಬಂದ. ನಾನು ಇಲ್ಲೇ ಜಪಮಣಿ ಹಿಡ್ಕೊಂಡು, ಯಾ ಅಲ್ಲಾ, ಇವತ್ತು ಇನ್ನೊಂದು ಹತ್ತು ಮೆಟ್ಟಿಲು ಹತ್ತಿಸು ಅಂತಿದ್ದೆ. ಚಳಿಗೆ ಕಿಟಕಿ ಮುಚ್ಚಿದೆ. ವಸಂತಕ್ಕೆ ತೆಗೆದ್ರೆ ಅವನಿಲ್ಲ. ಯಾವನೋ ಸೊಣಕಲ ಹತ್ತಿ ಇಳೀತಿದ್ದ. ನನ್ನ ಹುಡುಗ ಎದೆ ಒಡೆದು ಸತ್ತ ಅಂದ್ಕೊಂಡೆ. ಫಾತಿಹಾ ಓದಿದೀನಿ ಕಣೋ ಅವನಿಗೆ! ಎರಡು ಸಲ!"

"ನಾನೇ ಹಜ್ಜಾ."

"ಸುಳ್ಳು ಹೇಳ್ಬೇಡ. ಅವನು ನಿನಗಿಂತ ಚೆನ್ನಾಗಿದ್ದ."

ಫೋನಲ್ಲಿ ಹಳೇ ಫೋಟೊ ತೋರಿಸ್ದೆ. ದೂರ ಹಿಡಿದು ನೋಡಿದ್ರು. ಆಮೇಲೆ ನನ್ನ ಕೆನ್ನೆ ಎರಡು ಬೆರಳಲ್ಲಿ ಹಿಡಿದು ಎಳೆದ್ರು. ಇದ್ದಿದ್ದೇ ಸ್ವಲ್ಪ, ನೋವಾಯ್ತು. "ಜಾಹಾ ಬರ್ಲಿ, ಉತ್ತರ ಅವತ್ತು ಕೊಡ್ತೀನಿ" ಅಂದ್ರು. ಹೂಂ ಅನ್ನಲಿಲ್ಲ ಅತ್ತೆ! ಹದಿನಾಲ್ಕು ದಿನ ನಂಗೆ ಕುರಿಮಾಂಸದ ಮನ್ಸಫ್ ಕೂಡ ರುಚಿಸ್ಲಿಲ್ಲ. ಆದ್ರೂ ಅಮ್ಮ ಬಿಡ್ಲಿಲ್ಲ, ಮೂರು ಕೆಜಿ ಏರಿದೀನಿ. ಈದ್ ಆದ ವಾರಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ, ಹೊಟ್ಟೆ ತುಂಬಿದ ಮೇಲೆ, ಪಟ್ಟಿ ಹಿಡಿದೆ. ನಾಲ್ಕು ಮತ್ತೆ ಮೂರೂವರೆ. ಕನ್ನಡಕ ಇನ್ನೂ ಜಾರುತ್ತೆ. ಅಕ್ಟೋಬರ್‌ಗೆ ಆರು ತಿಂಗಳಾಗುತ್ತೆ, ಆಗ ಬೈರೂತ್‌ಗೆ ಬರ್ತೀನಿ. ಕಣ್ಣಿನ ಪಕ್ಕದ ಗುಳಿ ಆಗ್ಲೂ ಹಿಂಗೇ ಇದ್ರೆ ನೀವೇ ನೋಡಿ ಹೇಳಿ. ಬೇಕು ಅಂದ್ರೆ ಹಾಕಿ, ಬೇಡ ಅಂದ್ರೆ ಸಮುದ್ರ ತೋರಿಸಿ ಕಳಿಸಿ. ನಾನು ಜಗಳ ಆಡಲ್ಲ.

ನಿನ್ನೆ ಜಾಹಾ. ಅರವತ್ತು ಜನ ಗಂಡಸರು, ಎಲ್ರೂ ಇಸ್ತ್ರಿ ಮಾಡಿದ ಕೋಟು. ದೊಡ್ಡಪ್ಪ ಎದ್ದು ಮಾತಾಡಿದ್ರು, ಕಾಫಿ ಲೋಟ ಕೈಗೆ ಬಂತು, ಕುಡೀದೆ ಮುಂದಿಟ್ರು. "ನಾವು ಕೇಳೋಕೆ ಬಂದಿದ್ದು ಸಿಗೋವರೆಗೂ ಈ ಕಾಫಿ ಕುಡಿಯಲ್ಲ" ಅಂದ್ರು. ಸಾಮಾನ್ಯವಾಗಿ ಆ ಕಡೆಯವರು ತಕ್ಷಣ "ಕುಡೀರಿ, ನಿಮ್ಮದೇ ಮಗಳು" ಅಂತಾರಲ್ವಾ? ಅದನ್ನ ಹೇಳ್ಬೇಕಾದೋರು ಜುಮಾನಾ ಚಿಕ್ಕಪ್ಪ. ಅವರು ಹೆಂಗಸರ ಕೋಣೆ ಬಾಗಿಲ ಕಡೆ ನೋಡಿದ್ರು. ಅಲ್ಲಿಂದ ಒಂದು ಚೀಟಿ ಬಂತು.

ಚಿಕ್ಕಪ್ಪ ಚೀಟಿ ಓದ್ಕೊಂಡ್ರು, ಮೀಸೆ ಅಡೀಲಿ ನಗು ತಡ್ಕೊಂಡ್ರು, ಆಮೇಲೆ ಎಲ್ರಿಗೂ ಕೇಳೋ ಹಾಗೆ ಹೇಳಿದ್ರು:

"ಹಜ್ಜಾ ವಸ್ಫಿಯಾ ಹೇಳಿ ಕಳಿಸಿದಾರೆ. ಮೊಮ್ಮಗಳನ್ನ ನಾನು ಆ ದಪ್ಪ ಹುಡುಗನಿಗೆ ಕೊಟ್ಟಿದೀನಿ. ಈ ಸೊಣಕಲನೂ ಬೇಕಾದ್ರೆ ಅವನ ಜೊತೆ ಬರ್ಲಿ. ಕಾಫಿ ಆರೋಗುತ್ತೆ, ಕುಡೀರಿ."

ರಾಕಾನ್